ಎರಡು ಬೆರಳಿನಷ್ಟು

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ ಸೂರ್ಯನಿಗೆ ಸತತವಾಗಿ ನಲವತ್ತಮೂರು ದಿನ ಮುಖ ಕೊಡದೆ ಓಡಾಡಿದ ಗಂಡಸು ನಾನೊಬ್ಬನೇ. ಸಾಕ್ಷಿ ಬೇಕೆಂದರೆ ಎದುರುಮನೆಯ ಚಿಕ್ಕಬೈರಪ್ಪನವರನ್ನು ಕೇಳಬಹುದು, ಪಕ್ಕದಮನೆಯ ವಿಜಯಲಕ್ಷ್ಮಿಯವರನ್ನು ಕೇಳಬಹುದು. ನನ್ನ ಹೆಂಡತಿ ಕಾತ್ಯಾಯಿನಿಯನ್ನು ಮಾತ್ರ ಕೇಳಬೇಡಿ. ಅವಳು ನಡೆದದ್ದನ್ನು ನಡೆದಷ್ಟೇ ಹೇಳುವವಳು, ಅವಳ ಬಾಯಲ್ಲಿ ಯಾವ ಕಥೆಯೂ ಎರಡು ನಿಮಿಷಕ್ಕಿಂತ ಹೆಚ್ಚು ಬದುಕುವುದಿಲ್ಲ.

ಇದೆಲ್ಲ ಶುರುವಾದದ್ದು ನಮ್ಮ ಮಗಳು ಇಂಚರಳ ನಿಶ್ಚಿತಾರ್ಥದ ದಿನ. ಹುಡುಗ ಸುಶ್ರುತ ಚಿನ್ನದಂಥವನು. ತೊಂದರೆ ಇದ್ದದ್ದು ಅವನ ತಂದೆ, ಅಂದರೆ ನಮ್ಮ ಬೀಗರು, ಶ್ರೀನಗರದ ವಾದಿರಾಜರದ್ದು. ಅವರಿಗೂ ಐವತ್ತೆಂಟು, ನನಗೂ ಐವತ್ತೆಂಟು. ಜಾತಕ ನೋಡುವ ನೆಪದಲ್ಲಿ ನಾನು ತನಿಖೆ ಮಾಡಿದ್ದೇನೆ, ಅವರೇ ನನಗಿಂತ ನಾಲ್ಕು ತಿಂಗಳು ದೊಡ್ಡವರು. ಆದರೆ ತಲೆಗೂದಲು ಕಾಗೆಯನ್ನು ನಾಚಿಸುವಷ್ಟು ಕಪ್ಪು, ಮುಖ ನೆನೆಹಾಕಿ ಸುಲಿದ ಬಾದಾಮಿ. ಅಂಥವರ ಪಕ್ಕದಲ್ಲಿ ನಾನು ರೇಷ್ಮೆ ಶಲ್ಯ ಹೊದ್ದು, ಹೊಟ್ಟೆ ಒಳಕ್ಕೆಳೆದುಕೊಂಡು ನಿಂತಿದ್ದೆ.

ಫೋಟೋಗ್ರಾಫರ್ ರೇವಂತ್ ಕ್ಯಾಮೆರಾದಿಂದ ಕಣ್ಣು ತೆಗೆದು ಕೈಯಾಡಿಸಿದ. "ತಾತ, ಸ್ವಲ್ಪ ಸೈಡಿಗೆ ಬನ್ನಿ. ಹುಡುಗಿ ಅಪ್ಪ ಎಲ್ಲಿ? ಅವರನ್ನ ಕರೀರಿ ಯಾರಾದ್ರೂ."

ನಾದಸ್ವರದವನು ಅರ್ಧಕ್ಕೇ ಉಸಿರು ನಿಲ್ಲಿಸಿದ ಎಂದು ನನ್ನ ನೆನಪು. ಆ ಸಮಾರಂಭಕ್ಕೆ ನಾದಸ್ವರವನ್ನೇ ಕರೆಸಿರಲಿಲ್ಲ ಎಂದು ಕಾತ್ಯಾಯಿನಿಯ ವಾದ. ವಾದಿರಾಜರು ನನ್ನ ಭುಜದ ಮೇಲೆ ಕೈಯಿಟ್ಟು, "ಇವರೇ ಕಣಪ್ಪ ಹುಡುಗಿ ತಂದೆ" ಎಂದರು. ದನಿಯಲ್ಲಿ ಕರುಣೆ ಇತ್ತು. ಬೀಗರ ಬೈಗುಳವನ್ನು ಗಂಡಸು ತಡೆದುಕೊಳ್ಳಬಹುದು, ಬೀಗರ ಕರುಣೆಯನ್ನು ತಡೆದುಕೊಳ್ಳಲಾರ.

ಮನೆಗೆ ಬಂದು ಕನ್ನಡಿ ಮುಂದೆ ಅಂಗಿ ಬಿಚ್ಚಿ ನಿಂತೆ. ವಿಲ್ಸನ್ ಗಾರ್ಡನ್‌ನ ಆಫೀಸಿಗೆ ಮೂವತ್ತೊಂದು ವರ್ಷ ಅರ್ಧ ತೋಳಿನ ಅಂಗಿಯಲ್ಲಿ ಸ್ಕೂಟರ್ ಓಡಿಸಿದ ದೇಹ ಅದು. ತೋಳಿನ ಮೇಲರ್ಧ ಹಾಲು, ಕೆಳಗರ್ಧ ಡಿಕಾಕ್ಷನ್. ಗಡಿಯಾರ ಕಟ್ಟುವ ಜಾಗದಲ್ಲಿ ಬಿಳೀ ಪಟ್ಟೆ. ಮುಖದ ಮೇಲಿನ ಗೆರೆಗಳು ನೋಡಿದರೆ ಬೆಂಗಳೂರಿನ ರಸ್ತೆ ನಕ್ಷೆ, ಫ್ಲೈಓವರ್ ಸಮೇತ. ಮದುವೆಗೆ ನಲವತ್ತಮೂರು ದಿನ ಇತ್ತು. ಧಾರೆಯ ದಿನ ಅದೇ ರೇವಂತ್ ನನ್ನನ್ನು ತಾತ ಅನ್ನಬಾರದು, ಅಷ್ಟೇ ನನ್ನ ಶಪಥ.

ಮಾರನೇ ದಿನ ಚರ್ಮದ ಡಾಕ್ಟರ್ ಸಮನ್ವಿತಾ ಅವರ ಮುಂದೆ ಕುಳಿತಿದ್ದೆ. ನನ್ನ ಸ್ಕೂಟರಿಗಿಂತ ಚಿಕ್ಕ ವಯಸ್ಸು. ಭೂತಗನ್ನಡಿ ಹಿಡಿದು ನನ್ನ ಕೆನ್ನೆಯನ್ನು ಹಳೇ ಶಾಸನ ಓದುವಂತೆ ಓದಿದರು.

"ಅಂಕಲ್, ಮುಖಕ್ಕೆ ಏನು ಹಚ್ತೀರಿ?"

"ಏನೂ ಇಲ್ಲ. ಸ್ನಾನದ ಸೋಪು. ಖಾಲಿಯಾದ್ರೆ ಬಟ್ಟೆ ಸೋಪು."

ಅವರು ಪೆನ್ನು ಕೆಳಗಿಟ್ಟು ಒಂದು ಕ್ಷಣ ಕಣ್ಣು ಮುಚ್ಚಿದರು. ಆಮೇಲೆ ಹೇಳತೊಡಗಿದರು. ಹತ್ತರಿಂದ ನಾಲ್ಕರವರೆಗೆ ಆದಷ್ಟು ನೆರಳಲ್ಲಿರಿ. ಹೊರಗೆ ಹೋದರೆ ತುಂಬು ತೋಳು, ಅಗಲ ಅಂಚಿನ ಟೋಪಿ. ಮುಖಕ್ಕೆ ಮೆತ್ತನೆ ಸೋಪು, ಮೆತ್ತನೆ ಟವಲ್ಲು, ಉಜ್ಜಬೇಡಿ, ಒತ್ತಿ. ಮತ್ತೆ ಸನ್‌ಸ್ಕ್ರೀನ್. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಗೆರೆ ಎಳೆದ ಹಾಗೆ ಹಿಂಡಿಕೊಂಡು ಹಚ್ಚಿ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ.

"ಬೆಳ್ಳಗಾಗ್ತೀನಾ ಡಾಕ್ಟ್ರೇ?"

"ಇಲ್ಲ ಅಂಕಲ್. ಬಣ್ಣ ನಿಮ್ಮ ಅಮ್ಮ ಕೊಟ್ಟಿದ್ದು, ಅದನ್ನ ಯಾಕೆ ವಾಪಸ್ ಮಾಡ್ತೀರಿ? ಇರೋದನ್ನ ಸುಟ್ಕೋಬೇಡಿ, ಅಷ್ಟು ಸಾಕು."

ಎರಡು ಬೆರಳು ಸಾಮಾನ್ಯ ಜನರಿಗೆ. ನನ್ನ ಪರಿಸ್ಥಿತಿಗೆ ನಾಲ್ಕು ಬೆರಳು ಎಂದು ಮೆಟ್ಟಿಲಿಳಿಯುವಾಗಲೇ ನಿರ್ಧರಿಸಿದೆ. ಮನೆಯಲ್ಲಿ ಹೆಂಡತಿ, ಮಗಳು ಇಬ್ಬರ ಕೈಯಲ್ಲೂ ದೇವರ ಮುಂದೆ ಪ್ರಮಾಣ ಮಾಡಿಸಿದೆ. ಸೀನು ಎಂಬ ಹಿರಿಯ ಸರ್ಕಾರಿ ನೌಕರ ಚೆಂದ ಕಾಣಲು ಕ್ರೀಮು ಹಚ್ಚುತ್ತಾನೆ ಎಂಬ ಸಂಗತಿ ಈ ಮನೆಯ ಹೊಸ್ತಿಲು ದಾಟಕೂಡದು.

"ದಾಟಿದ್ರೆ ಏನಾಗತ್ತಪ್ಪ?" ಎಂದಳು ಇಂಚರ.

"ನಿನಗೆ ಅರ್ಥ ಆಗಲ್ಲ. ಇದು ಗಂಡಸಿನ ಮರ್ಯಾದೆ."

ನಾಲ್ಕು ಬೆರಳಿನಷ್ಟು ಕ್ರೀಮು ಹಚ್ಚಿದರೆ ಮುಖ ಸುಣ್ಣ ಹೊಡೆದ ಕಾಂಪೌಂಡಿನಂತೆ ಕಾಣುತ್ತದೆ. ಅದನ್ನು ಮುಚ್ಚಲು ಇಂಚರಳ ನೇರಳೆ ದುಪಟ್ಟಾ ಸುತ್ತಿದೆ, ಕೈಗೆ ಮೊಣಕೈವರೆಗಿನ ಗವಸು, ಮೇಲೆ ಹೆಲ್ಮೆಟ್ಟು. ಮೊದಲ ದಿನವೇ ಸೌತ್ ಎಂಡ್ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವರು ಅಡ್ಡಹಾಕಿದರು.

"ಮೇಡಂ, ಗಾಡಿ ಸೈಡಿಗೆ ಹಾಕಿ."

"ನಾನು ಮೇಡಂ ಅಲ್ಲ" ಎಂದೆ, ಆಫೀಸಿನಲ್ಲಿ ಕಡತ ಎಸೆಯುವ ದನಿಯಲ್ಲಿ.

ಅವರು ಬೆಚ್ಚಿಬಿದ್ದು ದುಪಟ್ಟಾ ತೆಗೆಯಲು ಹೇಳಿದರು. ತೆಗೆದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಲೈಸೆನ್ಸ್ ಬೇಡ ಸಾರ್. ನೀವು ಮೊದ್ಲು ಮನೆಗೆ ಹೋಗಿ ರೆಸ್ಟ್ ಮಾಡಿ" ಎಂದು ನನಗಾಗಿ ಇಡೀ ಸರ್ಕಲ್ಲಿನ ಸಂಚಾರ ನಿಲ್ಲಿಸಿಕೊಟ್ಟರು. ಮುಖ್ಯಮಂತ್ರಿಗಳಿಗೆ ಸಿಗುವ ಗೌರವ ಅದು.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಲಗ್ನಪತ್ರಿಕೆ ಅಚ್ಚಾಗಿ ಬಂತು.

ನಮ್ಮಲ್ಲಿ ಮದುವೆ ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಬಂಧುಗಳು ಊಟಕ್ಕೆ ಬರುತ್ತಾರೆ, ಆದರೆ ಜೀವಮಾನ ಪೂರ್ತಿ ಆಡಿಕೊಳ್ಳುತ್ತಾರೆ. ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಿ, ಅಕ್ಷತೆ ಕೊಟ್ಟು, ಕೂತು, ಕಾಫಿ ಕುಡಿದು ಕರೆಯಬೇಕು. ಇದು ನಡೆಯುವುದು ಹಗಲಿನಲ್ಲಿ. ಹಗಲಿನಲ್ಲಿ ಬಿಸಿಲಿರುತ್ತದೆ. ಆದ್ದರಿಂದ ನಾನು ಆಟೋದ ಒಳಗೆ ಮೂಲೆಯಲ್ಲಿ ದುಪಟ್ಟಾ ಸುತ್ತಿಕೊಂಡು ಕೂರುವುದು, ಕಾತ್ಯಾಯಿನಿ ಒಬ್ಬಳೇ ಒಳಗೆ ಹೋಗಿ ಕರೆಯುವುದು ಎಂದು ಏರ್ಪಾಡಾಯಿತು.

ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ. "ಯಜಮಾನ್ರು ಬರ್ಲಿಲ್ವಾ?"

ಕಾತ್ಯಾಯಿನಿಗೆ ಸುಳ್ಳು ಬರುವುದಿಲ್ಲ, ಪ್ರಮಾಣವನ್ನು ಮುರಿಯುವಂತೆಯೂ ಇಲ್ಲ. ಹಾಗಾಗಿ ಅವಳು ಪ್ರತಿ ಮನೆಯಲ್ಲೂ ತಲೆ ತಗ್ಗಿಸಿ ಒಂದೇ ಉತ್ತರ ಕೊಟ್ಟಳು. "ಆಟೋದಲ್ಲಿದ್ದಾರೆ. ಅವರು ಬಿಸಿಲಿಗೆ ಬರೋ ಹಾಗಿಲ್ಲ. ಚರ್ಮದ ಡಾಕ್ಟರ್ ಹೇಳಿದ್ದಾರೆ. ಜಾಸ್ತಿ ಏನೂ ಕೇಳ್ಬೇಡಿ."

ಜಾಸ್ತಿ ಏನೂ ಕೇಳಬೇಡಿ ಎಂದರೆ ಮನುಷ್ಯರು ಕೇಳುವುದಿಲ್ಲ, ತಾವೇ ತುಂಬಿಕೊಳ್ಳುತ್ತಾರೆ. ಬನಶಂಕರಿಯಲ್ಲಿ ನನಗೆ ಅಲರ್ಜಿಯಾಯಿತು. ಜೆ.ಪಿ. ನಗರ ಮುಟ್ಟುವ ಹೊತ್ತಿಗೆ ಮೈಯೆಲ್ಲ ಗುಳ್ಳೆ ಎದ್ದಿತ್ತು. ಶ್ರೀನಗರದಲ್ಲಿ ವಾದಿರಾಜರ ತಂಗಿಯ ಮನೆಗೆ ಪತ್ರಿಕೆ ಕೊಡುವಷ್ಟರಲ್ಲಿ ಅಂಥ ರೋಗಕ್ಕೆ ದೇಶದಲ್ಲೇ ಮದ್ದಿರಲಿಲ್ಲ. ನಮ್ಮ ಲಗ್ನಪತ್ರಿಕೆ ಹೋದ ಕಡೆಯೆಲ್ಲ ನನ್ನ ಕಾಯಿಲೆಯೂ ಹೋಗಿ ಬಂತು. ನೂರಿಪ್ಪತ್ತು ಮನೆ.

ಪಕ್ಕದಮನೆಯ ವಿಜಯಲಕ್ಷ್ಮಿಯವರಿಗೆ ಪತ್ರಿಕೆಯ ಅಗತ್ಯವೇ ಇರಲಿಲ್ಲ. ಅವರ ತಾರಸಿಯಿಂದ ನಮ್ಮ ಬಟ್ಟೆ ಒಣಹಾಕುವ ತಂತಿ ಕಾಣುತ್ತದೆ. ಅದರ ಮೇಲೆ ನನ್ನ ಮೆತ್ತನೆ ಟವಲ್ಲು ಬೇರೆಯಾಗಿ, ಎರಡು ಕ್ಲಿಪ್ಪು ಹಾಕಿಸಿಕೊಂಡು, ಒಂಟಿಯಾಗಿ ತೂಗುತ್ತಿತ್ತು. ಒಂದು ದಿನ ಅವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಹಣೆಗೆ ಗಂಧ ಇಡಲು ಬಂದಾಗ, ಕ್ರೀಮಿನ ಪದರ ಕೆಡುತ್ತದೆಂದು ನಾನು ಸರಕ್ಕನೆ ಹಿಂದೆ ಸರಿದು, "ಮುಖ ಮುಟ್ಬೇಡಿ, ಕೈಗೆ ಕೊಡಿ" ಎಂದುಬಿಟ್ಟೆ. ಪುರೋಹಿತರು ಗಂಧವನ್ನು ಬಾಳೆಎಲೆಯ ಮೇಲಿಟ್ಟು, ಎಲೆಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ಎದುರುಮನೆಯ ಚಿಕ್ಕಬೈರಪ್ಪನವರದ್ದು ದೊಡ್ಡ ಮನಸ್ಸು. ಈಗ ನಾಲ್ಕು ಬಿಲ್ಡಿಂಗಿನ ಒಡೆಯರಾದರೂ ಹಿಂದೆ ಅವರ ಹಿರಿಯರು ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು. ಅವರು ಗೇಟಿನಾಚೆ ನಿಂತು, ನಡುವೆ ಕಾರೊಂದನ್ನು ಅಡ್ಡ ಇಟ್ಟುಕೊಂಡು ಮಾತಾಡಿಸಿದರು.

"ಏನ್ ಸ್ವಾಮಿ, ಹಿಂಗಾಗ್ಬಿಟ್ಟೈತೆ."

"ಏನೂ ಆಗಿಲ್ಲ ಚಿಕ್ಕಬೈರಪ್ಪನವರೇ."

"ಮುಚ್ಚಿಡಬ್ಯಾಡಿ. ನಮ್ಮವ್ವ ಹೇಳೋಳು, ಮೈ ಕೆಟ್ರೆ ಬೇವು. ನಾ ಕಳಿಸ್ತೀನಿ ತಗಳಿ. ನೀರಿಗೆ ಹಾಕಿ ಕುದಿಸಿ ಮೀಯಿರಿ. ನನ್ನ ಮೈ ನೋಡಿ, ನಲವತ್ ವರ್ಸ ಬಿಸಿಲಾಗೆ ದುಡುದ್ದು. ತಲೆ ಮೇಲೆ ಟವಲ್ಲು, ಮೈಗೆ ಹರಳೆಣ್ಣೆ, ಅಷ್ಟೇಯ."

ಮಾರನೇ ಬೆಳಗ್ಗೆ ಒಂದು ಮರದಷ್ಟು ಬೇವಿನ ಸೊಪ್ಪು ಬಂತು. ಒಳಗೆ ಬರಲು ಹೆದರಿದ ಅವರ ಮನೆಯ ಕೆಲಸದವರು ಅದನ್ನು ಗೊಂಚಲು ಗೊಂಚಲಾಗಿ ನಮ್ಮ ಗೇಟಿಗೇ ಕಟ್ಟಿ ಹೋಗಿದ್ದರು. ಮನೆಬಾಗಿಲಿಗೆ ಬೇವು ಕಟ್ಟಿದರೆ ಒಳಗೆ ಯಾರಿಗೋ ಅಮ್ಮ ಆಗಿದೆ, ಮೈಮೇಲೆ ಸಿಡುಬು ಎದ್ದಿದೆ, ಯಾರೂ ಬರಬೇಡಿ ಎಂದು ಅರ್ಥ. ಇದು ಓದು ಬರದವರಿಗೂ ಗೊತ್ತು. ಎಂಟು ಗಂಟೆಗೆ ಹಾಲಿನವನು ಪ್ಯಾಕೆಟ್ಟನ್ನು ರಸ್ತೆಯಿಂದಲೇ ಎಸೆದ. ಒಂಬತ್ತಕ್ಕೆ ಹೂವಿನಾಕೆ ದೂರದಿಂದ ಕೈ ಮುಗಿದು ಹೋದಳು. ಹತ್ತಕ್ಕೆ ಕೊರಿಯರಿನವನು ಗೇಟಿನ ಫೋಟೋ ತೆಗೆದುಕೊಂಡು "ಮನೆಯಲ್ಲಿ ಯಾರೂ ಇಲ್ಲ" ಎಂದು ಮೆಸೇಜು ಹಾಕಿದ.

ಹನ್ನೊಂದಕ್ಕೆ ವಿಜಯಲಕ್ಷ್ಮಿ ತಾರಸಿಯಿಂದಲೇ ಕೂಗಿ ಹೇಳಿದರು. "ಕಾತ್ಯಾಯಿನಿ, ಹುಡುಗನ ಕಡೆಯವರು ಮದುವೆ ಮುಂದಕ್ಕೆ ಹಾಕ್ತಾರಂತೆ ಹೌದಾ? ನನಗೇನೂ ಗೊತ್ತಿಲ್ಲಮ್ಮ, ಜನ ಅಂತಿದ್ದಾರೆ."

ಕಾತ್ಯಾಯಿನಿ ಒಳಗೆ ಬಂದು ಈಳಿಗೆಮಣೆಯ ಮುಂದೆ ಕುಸಿದಳು. "ರೀ, ಮದುವೆಗೆ ಹನ್ನೆರಡು ದಿನ ಇದೆ. ಪ್ರಮಾಣ ವಾಪಸ್ ತಗೊಳ್ಳಿ. ನಿಜ ಹೇಳಿಬಿಡೋಣ."

"ಏನಂತ? ನಿನ್ನ ಗಂಡ ಬೀಗರ ಮುಂದೆ ಚೆಲುವ ಕಾಣೋಕೆ ಬೆಣ್ಣೆ ಬಳಕೊಂಡ ಹಾಗೆ ಕ್ರೀಮು ಬಳಕೊಂಡ ಅಂತಲಾ? ಅದಕ್ಕಿಂತ ರೋಗ ಇದೆ ಅನ್ನೋದೇ ಮರ್ಯಾದೆ."

ಆಗಲೇ ಫೋನು ಬಂತು. ವಾದಿರಾಜರದ್ದು. ದನಿ ಬಾವಿಯೊಳಗಿಂದ ಬಂದಂತಿತ್ತು.

"ಸೀನು ಅವರೇ, ನಾಳೆ ಹತ್ತೂವರೆಗೆ ಬರ್ತೀನಿ. ಒಬ್ಬನೇ. ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು. ಹೆಂಗಸರು ಯಾರೂ ಇರೋದು ಬೇಡ."

ಇಂಚರ ಸುಶ್ರುತನಿಗೆ ಫೋನು ಮಾಡಿದಳು. ಅವನು, "ಅಪ್ಪ ಮೂರು ದಿನದಿಂದ ರೂಮಿಂದ ಆಚೆ ಬಂದಿಲ್ಲ. ಯಾರ ಜೊತೆಯೂ ಮಾತಿಲ್ಲ. ನಿಮ್ಮ ತಂದೆ ಹೆಸರು ಎತ್ತಿದ್ರೆ ನಿಟ್ಟುಸಿರು ಬಿಡ್ತಾರೆ" ಎಂದನಂತೆ. ಫೋನು ಇಟ್ಟು ನನ್ನನ್ನು ನೋಡಿದಳು. ಬೈಯಲಿಲ್ಲ. "ಅಪ್ಪ, ನೀನು ಹೇಗಿದ್ರೂ ಫೋಟೋದಲ್ಲಿ ನನ್ನ ಪಕ್ಕ ನಿಂತ್ಕೋತಿದ್ದೆ ಅಲ್ವಾ" ಎಂದಳು, ಅಷ್ಟೇ. ಅದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು. ಅಂದು ಸಂಜೆಯೇ ತೀರ್ಮಾನಿಸಿದೆ. ಬೀಗರ ಕಾಲಿಗೆ ಬಿದ್ದಾದರೂ ನಿಜ ಹೇಳಿಬಿಡುವುದು. ಮರ್ಯಾದೆ ಹೋದರೆ ಹೋಗಲಿ, ಮಗಳ ಮದುವೆ ನಿಲ್ಲಬಾರದು.

ಮರುದಿನ ಹತ್ತೂವರೆಗೆ ಸರಿಯಾಗಿ ಗೇಟಿನ ಬೇವನ್ನು ಸರಿಸಿಕೊಂಡು ವಾದಿರಾಜರು ಬಂದರು. ಏಪ್ರಿಲ್ ತಿಂಗಳು, ಕಾಗೆ ಕೂಡ ನೆರಳು ಹುಡುಕುವ ಬಿಸಿಲು. ಅಂಥದರಲ್ಲಿ ಅವರು ಉಣ್ಣೆಯ ಮಂಕಿ ಕ್ಯಾಪು ಹಾಕಿ, ಕಪ್ಪು ಕನ್ನಡಕ ಧರಿಸಿದ್ದರು. ನಾನು ಧೈರ್ಯಕ್ಕೆಂದು ಆರು ಬೆರಳು ಹಚ್ಚಿಕೊಂಡಿದ್ದೆ. ಕಾತ್ಯಾಯಿನಿ, ಇಂಚರ ಅಡುಗೆಮನೆಯ ಬಾಗಿಲ ಹಿಂದೆ. ವಿಜಯಲಕ್ಷ್ಮಿ ಒಂದು ಎಳೆ ಕರಿಬೇವು ಕೇಳುವ ನೆಪದಲ್ಲಿ ಹಿತ್ತಲ ಬಾಗಿಲಿಂದ ಬಂದು ಅವರ ಹಿಂದೆ.

ನಾವಿಬ್ಬರೂ ಎದುರುಬದುರು ಕುಳಿತೆವು. ಒಂದು ಸುಣ್ಣದ ಗೋಡೆ, ಒಂದು ಉಣ್ಣೆಯ ಚೀಲ.

"ವಾದಿರಾಜರೇ" ಎಂದೆ, "ಮೊದಲು ನಾನು ಹೇಳಿಬಿಡ್ತೀನಿ. ನನಗೆ ಯಾವ ಕಾಯಿಲೆಯೂ ಇಲ್ಲ. ಇದು ಬಿಸಿಲಿಗೆ ಹಚ್ಚೋ ಕ್ರೀಮು. ನಿಶ್ಚಿತಾರ್ಥದಲ್ಲಿ ಆ ಫೋಟೋ ಹುಡುಗ ನನ್ನನ್ನ ತಾತ ಅಂದ. ಧಾರೆ ದಿನ ನಿಮ್ಮ ಪಕ್ಕ ನಿಂತ್ರೆ ಹುಡುಗಿ ಅಪ್ಪನ ಹಾಗೆ ಕಾಣಬೇಕು ಅಂತ ಆಸೆ ಆಯ್ತು. ತಪ್ಪು ನಂದು. ಮಕ್ಕಳ ಮದುವೆ ನಿಲ್ಲಿಸಬೇಡಿ."

ಅವರು ಮೊದಲು ಕನ್ನಡಕ ತೆಗೆದರು. ಆಮೇಲೆ ಮಂಕಿ ಕ್ಯಾಪು ತೆಗೆದರು. ಅಡುಗೆಮನೆಯ ಕಡೆಯಿಂದ ಯಾರೋ ಉಸಿರೆಳೆದುಕೊಂಡ ಸದ್ದು ಬಂತು.

ಹಣೆ ಎಣ್ಣೆಯಿಂದ ಆಗತಾನೇ ತೆಗೆದ ಬೋಂಡಾದಂತೆ ಊದಿತ್ತು. ಕಿವಿಗಳು ಟೊಮೆಟೊ. ಕೂದಲ ಅಂಚಿನುದ್ದಕ್ಕೂ ಕೆಂಪು ಗುಳ್ಳೆಗಳ ತೋರಣ.

"ಡೈ" ಎಂದರು ವಾದಿರಾಜರು, ಮೆಲ್ಲಗೆ. "ಇಪ್ಪತ್ತು ವರ್ಷದಿಂದ ಹಚ್ತಿದೀನಿ. ಮನೆಯವಳಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮದುವೆಗೆ ಇನ್ನೂ ಕಪ್ಪಗಿರಲಿ ಅಂತ ಹೊಸ ಕಂಪನೀದು ತಂದು ಹಚ್ಚಿದೆ. ಹೀಗಾಯ್ತು. ನಿಮ್ಮನ್ನ ಯಾರೋ ಚರ್ಮದ ಡಾಕ್ಟರ್ ನೋಡ್ತಿದ್ದಾರೆ ಅಂತ ನಮ್ಮ ತಂಗಿ ಹೇಳಿದ್ಲು. ಅಷ್ಟು ದೊಡ್ಡ ರೋಗ ನೋಡೋರು ನನ್ನ ಈ ಸಣ್ಣದನ್ನ ನೋಡಲ್ವಾ ಅಂತ ವಿಳಾಸ ಕೇಳೋಕೆ ಬಂದೆ."

"ಹಾಗಾದ್ರೆ ಮದುವೆ?"

"ಮದುವೆಗೇನಾಗಿದೆ? ನಿಮಗೆ ಕಾಯಿಲೆ ಇದ್ದಿದ್ರೂ ಏನಾಗ್ತಿತ್ತು ಸೀನು. ಸಂಬಂಧ ಬೆಳೆಸಿದ್ದು ಮನೆತನ ನೋಡಿ, ಚರ್ಮ ನೋಡಿ ಅಲ್ಲ."

ಇಷ್ಟು ಒಳ್ಳೆಯ ಮನುಷ್ಯನ ಮೇಲೆ ನಾನು ಒಂದು ತಿಂಗಳು ಹಲ್ಲು ಮಸೆದಿದ್ದೆ. ಕಾತ್ಯಾಯಿನಿ ಕಣ್ಣೊರೆಸಿಕೊಂಡು ಕಾಫಿ ತಂದಳು. ವಿಜಯಲಕ್ಷ್ಮಿ ಕರಿಬೇವನ್ನು ಮರೆತು ಮುಂಬಾಗಿಲಿನಿಂದಲೇ ಓಡಿದರು. ಹತ್ತು ನಿಮಿಷದಲ್ಲಿ ಇಡೀ ಒಂಬತ್ತನೇ ಬ್ಲಾಕಿಗೆ ನನ್ನ ಆರೋಗ್ಯ ವಾಪಸಾಯಿತು.

ಬೀಗರಿಬ್ಬರೂ ಒಂದೇ ಕೊಡೆಯಡಿ ಡಾಕ್ಟರ್ ಸಮನ್ವಿತಾ ಅವರಲ್ಲಿಗೆ ಹೋದೆವು. ಅವರು ವಾದಿರಾಜರ ಹಣೆ ನೋಡಿ, "ಹೊಸ ಡೈ ತಂದ್ರೆ ಮೊದಲು ಕಿವಿ ಹಿಂದೆ ಒಂದು ತೊಟ್ಟು ಹಚ್ಚಿ ಎರಡು ದಿನ ಕಾಯ್ಬೇಕು ಅಂಕಲ್. ಡಬ್ಬಿ ಮೇಲೇ ಬರೆದಿರ್ತಾರೆ" ಎಂದರು.

"ಕನ್ನಡಕ ಇಲ್ದೆ ಕಾಣ್ಸಲಿಲ್ಲ."

"ಕನ್ನಡಕ ಹಾಕ್ಕೋಬಹುದಿತ್ತಲ್ಲ."

"ವಯಸ್ಸಾದ ಹಾಗೆ ಕಾಣತ್ತೆ."

ಡಾಕ್ಟರು ಈ ಸಲ ಎರಡು ಕ್ಷಣ ಕಣ್ಣು ಮುಚ್ಚಿದರು. ಮದ್ದು ಬರೆದು, ಡೈ ಮುಟ್ಟಕೂಡದು, ಕೂದಲು ಸಣ್ಣಗೆ ಕತ್ತರಿಸಿ ಎಂದು ಆಜ್ಞೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು. ನನ್ನ ಶಿಸ್ತನ್ನು ಹೊಗಳುತ್ತಾರೆಂದು ಎದೆಯುಬ್ಬಿಸಿ, ಮಲಗುವ ಮುಂಚೆ ಕೂಡ ತಪ್ಪದೆ ಹಚ್ಚುತ್ತಿದ್ದೇನೆ ಎಂದು ವರದಿ ಒಪ್ಪಿಸಿದೆ.

"ರಾತ್ರಿ ಸೂರ್ಯ ಇರಲ್ಲ ಅಂಕಲ್" ಎಂದರು. "ಮುಖ ತೊಳೆದು ಮಲಗಿ. ಎರಡು ಬೆರಳು ಅಂದ್ರೆ ಎರಡೇ ಬೆರಳು."

ಮದುವೆ ಬನಶಂಕರಿಯ ಕಲ್ಯಾಣಮಂಟಪದಲ್ಲಿ ನಡೆಯಿತು. ಐದು ಸಾವಿರ ಜನ ಬಂದಿದ್ದರು. ಊಟದ ಎಲೆ ಎಣಿಸಿದ ಕಾತ್ಯಾಯಿನಿ ಆರುನೂರು ಅನ್ನುತ್ತಾಳೆ. ಅರ್ಧದಷ್ಟು ಜನ ವಧೂವರರಿಗಿಂತ ಮೊದಲು ನನ್ನ ಮುಖ ನೋಡಲು ಬಂದವರು. ಅದೇ ಪುರೋಹಿತರು ಈ ಸಲ ಗಂಧವನ್ನು ಹಣೆಗೇ ಇಟ್ಟರು, ತುಸು ಗಟ್ಟಿಯಾಗಿಯೇ ಒತ್ತಿದರು. ಧಾರೆ ಮುಗಿಯಿತು. ಇಂಚರ, ಸುಶ್ರುತ ಅಕ್ಷತೆಯಲ್ಲಿ ಮುಳುಗಿ ನಿಂತಿದ್ದರು. ವಾದಿರಾಜರು ಬಂದು ನನ್ನ ಪಕ್ಕ ನಿಂತರು. ಹಣೆ ಇಳಿದಿತ್ತು, ಗುಳ್ಳೆ ಆರಿತ್ತು, ಆದರೆ ಸಣ್ಣಗೆ ಕತ್ತರಿಸಿದ ತಲೆ ಹತ್ತಿ ಬಿರಿದಂತೆ ಬೆಳ್ಳಗಿತ್ತು.

ರೇವಂತ್ ಕ್ಯಾಮೆರಾದಿಂದ ಕಣ್ಣು ತೆಗೆದು ಕೈಯಾಡಿಸಿದ.

"ತಾತ, ಸ್ವಲ್ಪ ಸೈಡಿಗೆ ಬನ್ನಿ."

ಅಭ್ಯಾಸಬಲದಿಂದ ನಾನು ಸರಿದೆ.

"ನೀವಲ್ಲ ಸಾರ್. ಆ ತಾತ."

ನಲವತ್ತಮೂರು ದಿನ, ಹನ್ನೊಂದು ಟ್ಯೂಬು, ಒಂದು ನೇರಳೆ ದುಪಟ್ಟಾ. ಎಲ್ಲದರ ಫಲ ಆ ಒಂದು ಮಾತಿನಲ್ಲಿ ನನ್ನ ಕಾಲ ಬಳಿ ಬಂದು ಬಿತ್ತು. ತಿರುಗಿ ನೋಡಿದೆ. ವಾದಿರಾಜರು ಶಲ್ಯದ ಅಂಚನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಿಶ್ಚಿತಾರ್ಥದ ದಿನ ನನ್ನ ಮುಖ ಹೇಗಿತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಈಗ ಎದುರಿಗೇ ಕಂಡಿತು.

ಅವರ ಭುಜದ ಮೇಲೆ ಕೈ ಹಾಕಿ ನನ್ನ ಪಕ್ಕಕ್ಕೇ ಎಳೆದುಕೊಂಡೆ. "ಇಬ್ಬರೂ ತಾತಂದ್ರೇ ಕಣಯ್ಯ. ಇವರು ನನಗಿಂತ ನಾಲ್ಕು ತಿಂಗಳು ದೊಡ್ಡ ತಾತ, ಅಷ್ಟೇ. ನೀನು ಫೋಟೋ ತೆಗಿ."

ಜನ ನಕ್ಕರು, ಇಂಚರ ನಕ್ಕಳು, ವಾದಿರಾಜರೂ ನಕ್ಕರು. ಫ್ಲ್ಯಾಷು ಬೀಳುವ ಮುಂಚೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸೀನು, ನಿಜ ಹೇಳಿ. ಇವತ್ತು ಎಷ್ಟು ಬೆರಳು ಹಚ್ಚಿದೀರಿ?"

"ಎರಡು" ಎಂದೆ.

ನಾಲ್ಕು ಹಚ್ಚಿದ್ದೆ. ಬೀಗತನ ಬೇರೆ, ಚರ್ಮ ಬೇರೆ.